ಮಕ್ಕಳಿಗೊಂದು ಬೆಳಗಿನ ಅರ್ಧ ಗಂಟೆ

ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವರಿಗೆ, ಯಲಹಂಕವನ್ನು ಮುಟ್ಟುವಷ್ಟರೊಳಗೆ, ಚಿಕ್ಕ ಮಕ್ಕಳ ವಿದ್ಯೆಗೆ ಬೇಕಾದ ಸಾಮಗ್ರಿಯೆಲ್ಲವೂ ದಾರಿಯ ಎಡಬಲಗಳಲ್ಲಿ ಒದಗಿ ನಿಂತಿರುವುದು ಕಾಣುತ್ತದೆ. ವೃತ್ತಕ್ಕೆ ಸಮೀಪದಲ್ಲಿಯೇ, ಜಯಚಾಮರಾಜೇಂದ್ರ ನಗರದಲ್ಲಿ, ಬೆಂಗಳೂರು ದೂರದರ್ಶನದ ಸ್ಟುಡಿಯೋ ಮತ್ತು ಅದರ ಗೋಪುರ, ಬಸ್ಸಿನವರು 'ಟಿ.ವಿ. ಟವರ್' ಎಂದು ಕೂಗಿ ಜನರನ್ನಿಳಿಸುವುದು ಇಲ್ಲಿಯೇ. ಪಶ್ಚಿಮಕ್ಕೆ ಕೊಂಚ ದೂರದಲ್ಲಿ, ಹೊಸ ಬಿ.ಇ.ಎಲ್. ರಸ್ತೆಯ ಮೇಲೆ, ಇಸ್ರೋ ಸಂಸ್ಥೆಯ ಪ್ರಧಾನ ಕಚೇರಿಯಾದ ಅಂತರಿಕ್ಷ ಭವನ. ಯಶವಂತಪುರದಾಚೆ ಜಾಲಹಳ್ಳಿಯಲ್ಲಿ, ೧೯೭೨ರಷ್ಟು ಹಿಂದೆಯೇ ದೂರದರ್ಶನಕ್ಕೆ ಪ್ರಸಾರ ಯಂತ್ರಗಳನ್ನು ಮಾಡಿಕೊಟ್ಟ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು, ಬೇಸಾಯಕ್ಕೆ ಸಂಬಂಧಪಟ್ಟ ಕೀಟಗಳನ್ನು ಕೂಡಿಟ್ಟು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ. ಅದನ್ನು ದಾಟಿದರೆ ಜನರ ಬಾಯಲ್ಲಿ ಜಿ.ಕೆ.ವಿ.ಕೆ. ಎಂದೇ ನೆಲೆನಿಂತ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಹೆಸರಿನ ಉನ್ನತ ವಿಜ್ಞಾನ ಕೇಂದ್ರ. ಇವೆಲ್ಲದರ ನಡುನಡುವೆ, ನಗರವು ಎಷ್ಟು ಒತ್ತಿದರೂ ಇನ್ನೂ ಉಸಿರಾಡುತ್ತಿರುವ ಕೆರೆಗಳು, ಕೆರೆಗಳ ತುಂಬ ನೀರ್ವಕ್ಕಿಗಳು.

ಇಷ್ಟೆಲ್ಲವೂ ಕೂಗಳತೆಯಲ್ಲಿರುವಾಗ, ಇದೇ ಪ್ರದೇಶದ ನಾಲ್ಕೈದು ವರ್ಷದ ಮಗುವೊಂದು ಬೆಳಗ್ಗೆ ಎದ್ದು, ತಾಯಿಯ ಮೊಬೈಲನ್ನು ಕೈಗೆ ತೆಗೆದುಕೊಂಡು, ತಾನೆಂದೂ ಕಾಣದ ದೇಶದ ಹಿಮದ ಮನುಷ್ಯನನ್ನೂ ತಾನೆಂದೂ ತಿನ್ನದ ಹಣ್ಣುಗಳನ್ನೂ ಪರಭಾಷೆಯ ಪ್ರಾಸಗಳಲ್ಲಿ ಕಲಿಯುತ್ತಿದೆ. ಕಲಿಯುವುದು ತಪ್ಪಲ್ಲ, ಮಗುವಿಗೆ ಸಿಕ್ಕುವುದೆಲ್ಲವೂ ಅಮೃತವೇ. ಆದರೆ ತನ್ನ ಅಕ್ಷರವನ್ನೂ ತನ್ನ ತಟ್ಟೆಯ ಅನ್ನವನ್ನೂ ತನ್ನ ಕೆರೆಯ ಹಕ್ಕಿಯನ್ನೂ ಕನ್ನಡದಲ್ಲಿ ಪ್ರೀತಿಯಿಂದ ತೋರಿಸಿಕೊಡುವ, ಅದಕ್ಕೆಂದೇ ಹುಟ್ಟಿ ಅದಕ್ಕೆಂದೇ ಬಾಳುವ, ದಿನನಿತ್ಯದ ಟೆಲಿವಿಷನ್ ಕಾರ್ಯಕ್ರಮವೊಂದು ಆ ಮಗುವಿಗೆ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದರಲ್ಲಿಯೂ, ಈ ವಿದ್ಯೆಯಲ್ಲಿ ಕನ್ನಡದ ಮಕ್ಕಳು ಹಿಂದೆ ಬಿದ್ದವರಲ್ಲ, ಜಗತ್ತಿನಲ್ಲಿಯೇ ಮುಂದೆ ಹೋದವರೆಂಬ ಚರಿತ್ರೆಯನ್ನು ನೆನೆದಾಗ ಪ್ರಶ್ನೆ ಇಮ್ಮಡಿಯಾಗುತ್ತದೆ.

ಆ ಚರಿತ್ರೆ ಹೀಗೆ. ವಿಕ್ರಮ್ ಸಾರಾಭಾಯಿಯವರು, ಬಡ ದೇಶವೊಂದಕ್ಕೆ ಅಂತರಿಕ್ಷ ವಿಜ್ಞಾನವು ವೈಭವಕ್ಕಾಗಿ ಅಲ್ಲ, ಹಳ್ಳಿಯ ಶಾಲೆಗಾಗಿ ಬೇಕೆಂದು ದೃಢವಾಗಿ ನಂಬಿದವರು. ನಗರದಿಂದ ನಗರಕ್ಕೆ ಗೋಪುರಗಳನ್ನು ಕಟ್ಟುತ್ತ ಹೋದರೆ ಟೆಲಿವಿಷನ್ ಹಳ್ಳಿಯನ್ನು ತಲುಪುವುದಕ್ಕೆ ತಲೆಮಾರುಗಳೇ ಹಿಡಿಯುತ್ತವೆ. ಆಕಾಶದಲ್ಲಿ ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಡನೆಯೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹವೊಂದರಿಂದ ಪಾಠವನ್ನು ಬಿತ್ತಿದರೆ, ದೆಹಲಿಗೂ ದೇವದುರ್ಗಕ್ಕೂ ಅದು ಏಕಕಾಲದಲ್ಲಿ ಮುಟ್ಟುತ್ತದೆ ಎಂಬುದು ಅವರ ತರ್ಕವಾಗಿತ್ತು. ಅಮೆರಿಕದ ನಾಸಾ ಸಂಸ್ಥೆಯೊಡನೆ ೧೯೬೯ರ ಸೆಪ್ಟೆಂಬರ್ ೧೮ರಂದು ಭಾರತವು ಒಡಂಬಡಿಕೆಗೆ ಸಹಿ ಹಾಕಿತು. ಸಾರಾಭಾಯಿಯವರು ೧೯೭೧ರ ಡಿಸೆಂಬರಿನಲ್ಲಿ ಅಕಾಲಮರಣವನ್ನೈದಿದರು. ಅವರ ಸಂಕಲ್ಪವನ್ನು ಯಶ್‌ಪಾಲ್, ಏಕನಾಥ ಚಿಟ್ನಿಸ್ ಮೊದಲಾದವರು ಕೈಗೂಡಿಸಿದರು. ಎ.ಟಿ.ಎಸ್.-೬ ಎಂಬ ಅಮೆರಿಕದ ಉಪಗ್ರಹವನ್ನು ಭಾರತವು ಕಾಣುವೆಡೆಗೆ ಸರಿಸಿ, ಒಂದು ವರ್ಷದ ಮಟ್ಟಿಗೆ ನಮಗೆ ಒಪ್ಪಿಸಲಾಯಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಆರು ರಾಜ್ಯಗಳ ೨,೪೦೦ ಹಳ್ಳಿಗಳಲ್ಲಿ ನಡೆದ ಆ ಪ್ರಯೋಗಕ್ಕೆ 'ಸೈಟ್' ಎಂದು ಹೆಸರು. ಆ ಪ್ರಮಾಣದಲ್ಲಿ ಅಂಥದೊಂದು ಕಾರ್ಯ ಜಗತ್ತಿನಲ್ಲಿ ಹಿಂದೆಂದೂ ನಡೆದಿರಲಿಲ್ಲ. ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ.

೧೯೭೫ರಲ್ಲಿಯೇ, ಏಪ್ರಿಲ್ ೧೯ರಂದು, ಯಶವಂತಪುರದಿಂದ ಕೂಗಳತೆಯ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತರುಣ ವಿಜ್ಞಾನಿಗಳು ಕಟ್ಟಿದ ಆರ್ಯಭಟ ಉಪಗ್ರಹವು ಬಾನಿಗೇರಿತ್ತು. ಆರ್ಯಭಟನ ಹೆಸರು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಆದರೆ ಮೂರೂವರೆ ತಿಂಗಳ ತರುವಾಯ ರಾಯಚೂರು ಸೀಮೆಯ ಕಪ್ಪು ನೆಲದ ಹಳ್ಳಿಗಳಲ್ಲಿ ನಡೆದುದು ಇಂದು ಬಹುಮಂದಿಗೆ ನೆನಪಿಲ್ಲ. ಶಾಲೆಯ ಮಾಳಿಗೆಯ ಮೇಲೆಯೋ ಪಂಚಾಯತಿ ಕಟ್ಟಡದ ಪಕ್ಕದಲ್ಲಿಯೋ, ಕೋಳಿಗೂಡಿಗೆ ಹೊದಿಸುವಂಥ ತಂತಿಯ ಬಲೆಯಿಂದ ಮಾಡಿದ, ಹತ್ತಡಿ ಅಗಲದ ಬೋಗುಣಿಯಾಕಾರದ ಆಂಟೆನಾ. ಅದಕ್ಕೆ ಜೋಡಿಸಿದ, ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ ತಯಾರಿಸಿದ ಟೆಲಿವಿಷನ್ ಪೆಟ್ಟಿಗೆ. ವಿದ್ಯುತ್ತು ಬಾರದ ಊರುಗಳಲ್ಲಿ ಬ್ಯಾಟರಿ. ಬೆಳಗ್ಗೆ ಒಂದೂವರೆ ಗಂಟೆಯ ಶಾಲಾ ಪ್ರಸಾರವನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಿದ್ದರು. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಕನ್ನಡದ ಪಾಲಿಗೆ ಬಂದುದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಕರ್ನಾಟಕದಲ್ಲಿ ಅಲ್ಲ, ತೆಲುಗಿನವುಗಳೊಡನೆ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಬೆಂಗಳೂರಿನವರು ಟೆಲಿವಿಷನ್ ಪೆಟ್ಟಿಗೆಯನ್ನು ಮನೆಯಲ್ಲಿ ಕಾಣುವುದಕ್ಕೆ ಇನ್ನೂ ಆರು ವರ್ಷಗಳಿರುವಾಗಲೇ ಗುಲ್ಬರ್ಗದ ಹಳ್ಳಿಯ ಹುಡುಗಿ ನೆಲದ ಮೇಲೆ ಚಕ್ಕಂಬಟ್ಟಲೆ ಹಾಕಿ ಕುಳಿತು ಆಕಾಶದಿಂದ ಬಂದ ಕನ್ನಡ ಪಾಠವನ್ನು ಕೇಳಿದಳೆಂಬುದು ನನ್ನ ಎಣಿಕೆಯಲ್ಲಿ ಆರ್ಯಭಟನ ಉಡಾವಣೆಗಿಂತ ಕಿರಿದಾದ ಸಂಗತಿಯಲ್ಲ.

ಪ್ರಯೋಗದ ಫಲಿತಾಂಶವನ್ನು ಅಳೆಯುವುದಕ್ಕಾಗಿ ಸಮಾಜಶಾಸ್ತ್ರಜ್ಞರನ್ನು ನೇಮಿಸಿದ್ದರು. ಅವರಲ್ಲಿ ಕೆಲವರು ತಿಂಗಳುಗಟ್ಟಲೆ ಹಳ್ಳಿಗಳಲ್ಲಿಯೇ ಬಿಡಾರ ಹೂಡಿ, ಜನರೊಡನೆ ಉಂಡು ಮಲಗಿ, ಕಂಡುದನ್ನು ಬರೆದಿಟ್ಟರು. ಟೆಲಿವಿಷನ್ ಬಂದ ಮಾತ್ರಕ್ಕೆ ಶಾಲೆಯ ಹಾಜರಿ ಏರಿಬಿಡಲಿಲ್ಲ, ಹೊಲಕ್ಕೆ ಹೋಗುವ ಮಕ್ಕಳು ಹೋಗುತ್ತಲೇ ಇದ್ದರು. ಆದರೆ ನೋಡಿದ ಮಕ್ಕಳ ಭಾಷೆ ಬೆಳೆಯಿತು, ಪಠ್ಯಪುಸ್ತಕದ ಹೊರಗಿನ ಜಗತ್ತನ್ನು ಅರಿಯಬೇಕೆಂಬ ಹಂಬಲ ಹೆಚ್ಚಿತು ಎಂದು ಅವರು ಕಂಡರು. ಒಂದು ವರ್ಷ ಮುಗಿಯಿತು. ಉಪಗ್ರಹವು ಒಡೆಯರ ಕಡೆಗೆ ಮರಳಿತು. ಆ ಹಳ್ಳಿಗಳನ್ನು ಪೂರಾ ಕೈಬಿಡಬಾರದೆಂದು ೧೯೭೭ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೊಂದನ್ನು ಸ್ಥಾಪಿಸಲಾಯಿತು; ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ರಾಜಧಾನಿಯಲ್ಲಿ ಅಲ್ಲದೆ ಗುಲ್ಬರ್ಗದಲ್ಲಿ ಹುಟ್ಟಿದುದು ಹೀಗೆ.

ಮುಂದೆ ನಡೆದುದು ನನಗೆ ದುಃಖವನ್ನುಂಟುಮಾಡುವ ಅಧ್ಯಾಯ. ೧೯೮೩ರಲ್ಲಿ ನಮ್ಮದೇ ಆದ ಇನ್ಸಾಟ್-೧ಬಿ ಉಪಗ್ರಹವು ನೆಲೆಗೊಂಡಾಗ, ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಶಾಶ್ವತವಾದ ಶೈಕ್ಷಣಿಕ ಪ್ರಸಾರವೊಂದನ್ನು ಏರ್ಪಡಿಸಿದರು. ಐದರಿಂದ ಎಂಟು ವರ್ಷದವರಿಗೆ ಒಂದು, ಒಂಬತ್ತರಿಂದ ಹನ್ನೊಂದು ವರ್ಷದವರಿಗೆ ಇನ್ನೊಂದು ಎಂದು ವಿಂಗಡಿಸಿದ ಆ ಯೋಜನೆಗೆ ಉತ್ತರ ಪ್ರದೇಶ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒರಿಸ್ಸಾ, ಆಂಧ್ರಪ್ರದೇಶ ಎಂಬ ಆರು ರಾಜ್ಯಗಳನ್ನು ಆರಿಸಿ, ಅಲ್ಲೆಲ್ಲ ಶಿಕ್ಷಣ ತಂತ್ರಜ್ಞಾನದ ರಾಜ್ಯ ಸಂಸ್ಥೆಗಳನ್ನು ಕಟ್ಟಿ, ಮಕ್ಕಳಿಗಾಗಿ ಚಿತ್ರ ತೆಗೆಯುವುದನ್ನೇ ವೃತ್ತಿಯಾಗಿಸಿಕೊಂಡ ತಂಡಗಳನ್ನು ಬೆಳೆಸಿದರು. ಆ ಪಟ್ಟಿಯಲ್ಲಿ ಕರ್ನಾಟಕವಿರಲಿಲ್ಲ. ಹಿಂದಿ, ಮರಾಠಿ, ಗುಜರಾತಿ, ಒರಿಯಾ, ತೆಲುಗು ಮಕ್ಕಳಿಗೆ ಬೆಳಗಿನ ಪಾಠ ಬಂದಿತು. ಸೈಟ್‌ನಲ್ಲಿ ಮೊದಲ ಪಂಕ್ತಿಯಲ್ಲಿ ಕುಳಿತಿದ್ದ ಕನ್ನಡದ ಮಕ್ಕಳ ಪೆಟ್ಟಿಗೆಯಲ್ಲಿ ಅದು ಬರಲಿಲ್ಲ. ಒಂದು ಕಾರ್ಯಕ್ರಮ ತಪ್ಪಿಹೋದುದಕ್ಕಿಂತ ಹೆಚ್ಚಾಗಿ ನಾವು ಕಳೆದುಕೊಂಡುದು ಪರಂಪರೆಯನ್ನು: ನಾಲ್ಕು ವರ್ಷದ ಮಗುವಿಗೆ ಹೇಗೆ ಬರೆಯಬೇಕು, ಎಷ್ಟು ಹೊತ್ತು ತೋರಿಸಬೇಕು, ಎಲ್ಲಿ ತಡೆದು ಉತ್ತರಕ್ಕಾಗಿ ಕಾಯಬೇಕು ಎಂಬುದನ್ನು ವರ್ಷವರ್ಷವೂ ಮಾಡಿ ತಿದ್ದಿ ಕಲಿತು, ಕಿರಿಯರಿಗೆ ಕಲಿಸಿಕೊಡುವ ಬರಹಗಾರರು, ಚಿತ್ರಕಾರರು, ಗೊಂಬೆಯಾಡಿಸುವವರು ಇವರ ಸಾಲನ್ನು.

ಉಳಿದುದನ್ನು ಬೇಗನೆ ಹೇಳಿಬಿಡಬಹುದು. ಇದಕ್ಕೂ ಮೊದಲೇ, ೧೯೮೧ರಲ್ಲಿ, ಬೆಂಗಳೂರು ದೂರದರ್ಶನ ಆರಂಭವಾಗಿತ್ತು. ಅದರ ಕನ್ನಡ ವಾಹಿನಿ ಇಂದು ಚಂದನವೆಂಬ ಹೆಸರಿನಿಂದ ಮನೆಮಾತಾಗಿದೆ. ೨೦೦೨ರಲ್ಲಿ ನಾ. ಸೋಮೇಶ್ವರ ಅವರು ಅಲ್ಲಿ ಆರಂಭಿಸಿದ 'ಥಟ್ ಅಂತ ಹೇಳಿ' ಎಂಬ ರಸಪ್ರಶ್ನೆ ಸಾವಿರಾರು ಕಂತುಗಳನ್ನು ದಾಟಿ ನಡೆದು, ಗೆದ್ದವರ ಕೈಗೆ ಪುಸ್ತಕವನ್ನಿಡುವ ಸಂಪ್ರದಾಯವನ್ನು ಬೆಳೆಸಿತು. ಕನ್ನಡಿಗರು ಜ್ಞಾನದ ಕಾರ್ಯಕ್ರಮವನ್ನು ನೋಡುವುದಿಲ್ಲವೆಂದು ಹೇಳುವವರಿಗೆ ಅದೊಂದೇ ಸಾಕಷ್ಟು ಉತ್ತರ. ಆದರೆ ಅದು ಓದಬಲ್ಲವರಿಗೆ. ೨೦೦೪ರಲ್ಲಿ ಎಡುಸ್ಯಾಟ್ ಉಪಗ್ರಹವು ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಎಂಟು ನೂರಕ್ಕೂ ಮಿಕ್ಕ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಂದವು. ಆಕಾಶವಾಣಿಯಲ್ಲಿ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಎಂಬ ಸೊಗಸಾದ ಬಾನುಲಿ ಪಾಠಗಳಿದ್ದವು. ೨೦೦೯ರಲ್ಲಿ ಕನ್ನಡ ಮಕ್ಕಳಿಗೆಂದೇ ಚಿಂಟು ಎಂಬ ಖಾಸಗಿ ವಾಹಿನಿ ಬಂದಿತು. ಅದರ ಹೊಟ್ಟೆ ತುಂಬಿದುದು ಬಹುಮಟ್ಟಿಗೆ ಪರದೇಶದ ಕಾರ್ಟೂನುಗಳಿಂದ. ೨೦೨೦ರಲ್ಲಿ ಮಹಾಮಾರಿಯು ಶಾಲೆಗಳನ್ನು ಮುಚ್ಚಿಸಿದಾಗ, ಚಂದನದಲ್ಲಿ 'ಸಂವೇದ' ಎಂಬ ಪಾಠಮಾಲೆ ಮೊದಲು ಪ್ರೌಢಶಾಲೆಯ ತರಗತಿಗಳಿಗೆ, ತರುವಾಯ ಕೆಳಗಿನವಕ್ಕೆ ಆರಂಭವಾಯಿತು. ಮೊಬೈಲಿನ ಸಂಕೇತ ಸಿಗದ ಮಲೆನಾಡಿನ ಮನೆಗಳಲ್ಲಿಯೂ ಆ ಪಾಠಗಳು ನಡೆದವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆಪತ್ಕಾಲದಲ್ಲಿ ತರಗತಿಯನ್ನೇ ಎತ್ತಿ ತೆರೆಯ ಮೇಲಿಟ್ಟರು. ಆಗ ಮಾಡಬಹುದಾಗಿದ್ದುದು ಅಷ್ಟೆ. ಆದರೆ ತರಗತಿಯನ್ನು ತೆರೆಯ ಮೇಲೆ ತೋರಿಸುವುದು ಬೇರೆ, ತೆರೆಯ ಮೂಲಕ ಮಗುವಿಗೆ ಕಲಿಸುವುದು ಬೇರೆ.

ಆ ಭೇದವನ್ನು ಅರಿಯುವುದಕ್ಕೆ ಅಮೆರಿಕದ 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮದ ಹುಟ್ಟನ್ನು ನೋಡಬೇಕು. ನಮ್ಮ ಸೈಟ್ ಒಡಂಬಡಿಕೆಗೆ ಸಹಿ ಬಿದ್ದ ಎರಡು ತಿಂಗಳೊಳಗೆ, ೧೯೬೯ರ ನವೆಂಬರ್ ೧೦ರಂದು, ಅದು ಪ್ರಾರಂಭವಾಯಿತು. ಬಡವರ ಮಕ್ಕಳು ಒಂದನೆಯ ತರಗತಿಗೆ ಕಾಲಿಡುವ ಹೊತ್ತಿಗಾಗಲೇ ಉಳ್ಳವರ ಮಕ್ಕಳಿಗಿಂತ ಹಿಂದುಳಿದಿರುತ್ತಾರೆ, ಆ ಅಂತರವನ್ನು ಟೆಲಿವಿಷನ್ ತುಂಬಬಲ್ಲದೆ ಎಂದು ಜೋನ್ ಗಾಂಜ್ ಕೂನಿ ಎಂಬ ಮಹಿಳೆ ಕೇಳಿದ ಪ್ರಶ್ನೆಯೇ ಅದರ ಬೀಜ. ಆಕೆಯ ತಂಡದಲ್ಲಿದ್ದ ಎಡ್ವರ್ಡ್ ಪಾಮರ್ ಎಂಬ ಸಂಶೋಧಕನು ಅತ್ಯಂತ ಸರಳವಾದ ಪರೀಕ್ಷೆಯೊಂದನ್ನು ಕಲ್ಪಿಸಿದನು. ಮಗುವಿನ ಎದುರಿಗೆ ಟೆಲಿವಿಷನ್ನು. ಅದರ ಪಕ್ಕದಲ್ಲಿ ಬಣ್ಣದ ಚಿತ್ರಗಳನ್ನು ಕೆಲವು ಕ್ಷಣಗಳಿಗೊಮ್ಮೆ ಬದಲಾಯಿಸುತ್ತಿರುವ ಇನ್ನೊಂದು ತೆರೆ. ಮಗುವಿನ ಕಣ್ಣು ಯಾವಾಗ ಪಾಠವನ್ನು ಬಿಟ್ಟು ಪಕ್ಕಕ್ಕೆ ಹೊರಳುತ್ತದೆಂಬುದನ್ನು ಒಬ್ಬರು ಗುರುತು ಹಾಕಿಕೊಳ್ಳುತ್ತಾರೆ. ಅಷ್ಟರಿಂದ ಒಂದೊಂದು ಕಂತಿನ ಯಾವ ಭಾಗ ಸತ್ತ್ವವುಳ್ಳದ್ದು, ಯಾವುದು ನೀರಸ ಎಂಬುದು ಬಯಲಾಗುತ್ತಿತ್ತು. ಕಲ್ಪನೆಯ ಗೊಂಬೆಗಳನ್ನೂ ನಿಜವಾದ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ಬೆರೆಸಬಾರದು, ಮಕ್ಕಳಿಗೆ ಗೊಂದಲವಾದೀತು ಎಂದು ಪಂಡಿತರು ಮೊದಲು ಸಲಹೆಯಿತ್ತಿದ್ದರು. ಮಾದರಿ ಕಂತುಗಳನ್ನು ತೋರಿಸಿದಾಗ, ಬರಿಯ ಮನುಷ್ಯರಿರುವ ಬೀದಿಯ ದೃಶ್ಯ ಬಂದೊಡನೆ ಮಕ್ಕಳ ಕಣ್ಣು ತಪ್ಪುತ್ತಿತ್ತು. ಪಂಡಿತರ ಸಲಹೆಯನ್ನು ಬದಿಗಿಟ್ಟು, ಎಂಟಡಿ ಎತ್ತರದ ಹಳದಿ ಹಕ್ಕಿಯನ್ನು ಬೀದಿಗೆ ತಂದು ನಿಲ್ಲಿಸಿದರು, ಕಾರ್ಯಕ್ರಮ ಉಳಿಯಿತು. ಅಲ್ಲಿ ಕೊನೆಯ ಮಾತು ಮಗುವಿನದಾಗಿತ್ತು. ೨೦೦೬ರಲ್ಲಿ ಅದರ ಭಾರತೀಯ ರೂಪ ಹಿಂದಿಯಲ್ಲಿ 'ಗಲಿ ಗಲಿ ಸಿಮ್ ಸಿಮ್' ಎಂದು ಬಂದಿತು.

ಕನ್ನಡದ ಅಕ್ಷರಗಳನ್ನು ಈ ಬಗೆಯಲ್ಲಿ ಕಲಿಸುವುದಕ್ಕೆ ಹೊರಟರೆ, ತೆರೆಯು ಪುಸ್ತಕಕ್ಕಿಂತ ಮೇಲಾಗುವ ಸ್ಥಳಗಳು ಹಲವಿವೆ. ನಮ್ಮ ವರ್ಣಮಾಲೆಯ ೪೯ ಅಕ್ಷರಗಳಲ್ಲಿ ೩೪ ವ್ಯಂಜನಗಳು. ಒಂದೊಂದಕ್ಕೂ ಕಾಗುಣಿತದ ೧೫ ರೂಪಗಳೆಂದರೆ ೫೧೦ ಆಕೃತಿಗಳು. ಅದರ ಮೇಲೆ ಒತ್ತಕ್ಷರಗಳು. ಇದನ್ನು ಕಂಡು ಹೆದರುವ ತಂದೆತಾಯಿಗಳಿದ್ದಾರೆ, ಅದರಲ್ಲಿಯೂ ಆರ್.ಟಿ. ನಗರದಂಥ ಬಡಾವಣೆಗಳಲ್ಲಿ, ಮನೆಯಲ್ಲಿ ಉರ್ದುವನ್ನೋ ತಮಿಳನ್ನೋ ತೆಲುಗನ್ನೋ ಆಡುವವರು. ಆದರೆ ಈ ೫೧೦ರಲ್ಲಿ ಕಲಿಯಬೇಕಾದ ನಿಯಮಗಳು ಕೆಲವೇ: ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ. ಪುಸ್ತಕದಲ್ಲಿ ಮಗು ಕಾಣುವುದು ಬರೆದು ಮುಗಿದ ಅಕ್ಷರವನ್ನು. ತೆರೆಯ ಮೇಲೆ ಅಕ್ಷರವು ಬರೆಯಲ್ಪಡುತ್ತಿರುವುದನ್ನೇ ತೋರಿಸಬಹುದು. ತಲಕಟ್ಟು ಹಾರಿಹೋಗಿ ಗುಡಿಸು ಬಂದು ಕುಳಿತರೆ 'ಕ' ಎಂಬುದು 'ಕಿ' ಆಗುವುದನ್ನು, ಅದೇ ಗುಡಿಸು ಗಕಾರಕ್ಕೂ ತಕಾರಕ್ಕೂ ಹೋಗಿ ಅದೇ ಕೆಲಸವನ್ನು ಮಾಡುವುದನ್ನು ಮಗು ಕಣ್ಣಾರೆ ಕಂಡರೆ, ನಿಯಮವನ್ನು ಹೇಳುವ ಅಗತ್ಯವೇ ಉಳಿಯುವುದಿಲ್ಲ.

ಯಾವ ಅಕ್ಷರ ಮೊದಲು ಎಂಬ ಪ್ರಶ್ನೆಗೂ ನಮ್ಮ ಶಾಲೆಗಳು ಉತ್ತರವನ್ನು ಕಂಡುಕೊಂಡಿವೆ. ಅ ಆ ಇ ಈ ಎಂಬ ಶಾಸ್ತ್ರೀಯ ಕ್ರಮವು ಉಚ್ಚಾರಣೆಯ ವಿಜ್ಞಾನ, ಬಾಯಿಪಾಠಕ್ಕೆ ಒಪ್ಪುವಂಥದು. ಬರೆಯುವ ಕೈಗೆ ಬೇಕಾದುದು ಆಕೃತಿಯ ಕ್ರಮ; ಆದುದರಿಂದಲೇ ಒಂದನೆಯ ತರಗತಿಯ ಮಕ್ಕಳು ರ, ಗ, ಸ, ದ, ಅ ಎಂದು ಆರಂಭಿಸಿ, ಐದು ಅಕ್ಷರ ಕಲಿತ ಮಾತ್ರಕ್ಕೆ 'ಅರಸ', 'ಸರ', 'ಗರಗಸ' ಎಂಬ ಪದಗಳನ್ನು ಓದಿ ಹಿಗ್ಗುತ್ತಾರೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಮುಂದೆ ನಿಂತು ಬೆಳೆಸಿದ 'ನಲಿ-ಕಲಿ' ಪದ್ಧತಿಯ ಅನುಭವವೂ ನಮ್ಮ ಕೈಯಲ್ಲಿದೆ. ಇನ್ನು ಧ್ವನಿಯ ಮಾತು: ಹಳೆಯ ಮೈಸೂರು ಸೀಮೆಯ ಆಡುನುಡಿಯಲ್ಲಿ ಹಕಾರವು ಮೃದುವಾಗಿ ಮರೆಯಾಗುವುದರಿಂದ, ಅಕ್ಕಿಗೂ ಹಕ್ಕಿಗೂ ಬರವಣಿಗೆಯಲ್ಲಿ ತೊಡಕಾಗುವ ಮಕ್ಕಳು ಬಹಳ. ಅವರ ಮನೆಯ ಮಾತನ್ನು ಹೀನೈಸದೆ, ಒಂದು ಹಿಡಿ ಅಕ್ಕಿಯನ್ನೂ ಅದನ್ನು ಹೆಕ್ಕಲು ಬಂದ ಹಕ್ಕಿಯನ್ನೂ ತೋರಿಸಿ, ಎರಡನ್ನೂ ಸ್ಪಷ್ಟವಾಗಿ ಉಚ್ಚರಿಸಿ ಕೇಳಿಸಿದರೆ ಸಾಕು. ಗೋಡೆಯ ಪಟದ ಅಕ್ಷರಮಾಲೆಯಲ್ಲಿ ಒಂಟೆಯೂ ಋಷಿಯೂ ತಲೆಮಾರುಗಳಿಂದ ಇದ್ದಾರೆ, ಅವರು ಇರಲಿ. ಆದರೆ ಅವರೆ, ಆಲ, ಇಪ್ಪೆ, ಈಚಲು, ಉದ್ದು, ಎಳ್ಳು, ಏಲಕ್ಕಿ, ಒಂದೆಲಗ ಎಂದು ಈ ನೆಲದ್ದೇ ಆದ ಮಾಲೆಯೊಂದನ್ನು ಕಟ್ಟಿದರೆ, ಅಕ್ಷರ ಬೇರೆ, ಆಹಾರ ಬೇರೆ, ಪ್ರಕೃತಿ ಬೇರೆ ಎಂದು ಮೂರು ಪಾಠಗಳನ್ನು ಮಾಡುವ ಆವಶ್ಯಕತೆಯೇ ಇರುವುದಿಲ್ಲ.

ಆಹಾರದ ಪಾಠವು ಜಿ.ಕೆ.ವಿ.ಕೆ.ಯ ಬೇಲಿಯೊಳಗೆ ಬೆಳೆದು ನಿಂತಿದೆ. ಕಿರುಧಾನ್ಯಗಳ ಬಗೆಗೆ ದೇ‍ಶದ ನಾನಾ ಕಡೆ ನಡೆಯುವ ಸಂಶೋಧನೆಯನ್ನು ಹೊಂದಿಸಿ ನಡೆಸುವ ಅಖಿಲ ಭಾರತ ಯೋಜನೆಯ ಕೇಂದ್ರ ಬಹುಕಾಲ ಇದ್ದುದು ಇಲ್ಲಿಯೇ. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದಂದಿನಿಂದ ರಾಗಿಯ ವಿಷಯದಲ್ಲಿ ಇದು ತಿಳಿದವರ ಮನೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣಾಂಶವಿರುವುದನ್ನು, ಅದು ಬೆಳೆಯುವ ಮೂಳೆಗೆ ಹೇಗೆ ಒದಗುವುದೆಂಬುದನ್ನು ಹೇಳಿಕೊಡುವುದು ಸುಲಭ. ಅದಕ್ಕಿಂತ ಮುಖ್ಯವಾಗಿ ತೋರಿಸಬೇಕಾದುದು ಅಕ್ಕಡಿಯ ಹೊಲವನ್ನು: ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಇವನ್ನು ಕೂಡಿಸಿ ಬಿತ್ತಿ, ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುವಂತೆ ಮಾಡುತ್ತಿದ್ದ ನಮ್ಮ ಹಿರಿಯರ ಜಾಣ್ಮೆಯನ್ನು. ಬಳ್ಳಾರಿ ರಸ್ತೆಯ ಎರಡು ಕಡೆಗಳಲ್ಲಿ ಒಂದು ಕಾಲಕ್ಕೆ ಕಣ್ಣು ಹರಿಯುವವರೆಗೂ ಇದ್ದ ಆ ಹೊಲಗಳು ಇಂದು ಗಾಜಿನ ಕಟ್ಟಡಗಳ ಅಡಿಯಲ್ಲಿವೆ; ಮುದ್ದೆಯನ್ನುಣ್ಣುವ ಮಗು ರಾಗಿಯ ತೆನೆಯನ್ನು ಕಂಡಿರುವುದಿಲ್ಲ. ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಇವು ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಹಣ್ಣುಗಳು, ಇದೇ ಸೀಮೆಯವು. ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವಿದೆ, ೨೦೧೩ರಿಂದ ಹಾಲು, ೨೦೨೪ರಿಂದ ರಾಗಿ ಮಾಲ್ಟ್ ಇದೆ. ಬಟ್ಟಲಿಗೆ ಬಂದ ಆ ಮಾಲ್ಟಿನ ಕತೆಯನ್ನು ಬಿತ್ತನೆಯಿಂದ ಹಿಡಿದು ಹೇಳುವ ಐದು ನಿಮಿಷದ ಚಿತ್ರವೊಂದಿದ್ದರೆ, ಒಲ್ಲೆನೆನ್ನುವ ಮಗುವೂ ಅದನ್ನು ಕುತೂಹಲದಿಂದ ಬಾಯಿಗಿಟ್ಟೀತು. ಮಕ್ಕಳ ಕಾರ್ಯಕ್ರಮಗಳ ಸಂದಿಗೊಂದಿಗಳಲ್ಲಿ ಸಕ್ಕರೆಯ ತಿಂಡಿಗಳ ಜಾಹೀರಾತು ನುಗ್ಗುವ ಈ ಕಾಲದಲ್ಲಿ, ಜಾಹೀರಾತಿಲ್ಲದ ಸಾರ್ವಜನಿಕ ಪ್ರಸಾರದ ಅರ್ಧ ಗಂಟೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಕೃತಿಯ ಪಾಠಕ್ಕೆ ಕೆರೆಗಳಿವೆ. ಯಲಹಂಕದ ಕೆರೆ ತುಂಬಿ ಜಕ್ಕೂರಿಗೆ, ಜಕ್ಕೂರಿನದು ತುಂಬಿ ರಾಚೇನಹಳ್ಳಿಗೆ ಹರಿಯುವ ಸರಪಣಿಯನ್ನು ಒಂದು ಚಲಿಸುವ ನಕ್ಷೆಯಲ್ಲಿ ತೋರಿಸಿದರೆ, ನಮ್ಮ ಪೂರ್ವಿಕರು ಇಳಿಜಾರನ್ನು ಓದಿ ಕೆರೆ ಕಟ್ಟಿದ ಬಗೆ ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾಯ್ದು ಕೆರೆಯನ್ನು ಸೇರುತ್ತದೆ. ಬೇರುಗಳು ಕೊಳೆಯನ್ನು ಹೀರುವ ಈ ಕ್ರಿಯೆಯನ್ನು ಕಣ್ಣಿಗೆ ಕಾಣದುದನ್ನು ಕಾಣಿಸಬಲ್ಲ ಚಿತ್ರಕಲೆಯಿಂದ ಎಷ್ಟು ಚೆಂದವಾಗಿ ಹೇಳಬಹುದು! ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ ಇವೆಲ್ಲ ಈ ನೀರುಗಳ ಮೇಲೆ ಕಾಣಸಿಗುವ ಹಕ್ಕಿಗಳು. ಹೆಬ್ಬಾಳದ ಕೀಟಸಂಸ್ಥೆಯವರು ಅಭ್ಯಸಿಸುವ, ಬೆಳೆಯನ್ನು ತಿನ್ನುವ ಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿಡುವ, ಸಾಸಿವೆ ಕಾಳಿಗಿಂತ ಚಿಕ್ಕದಾದ ಕಣಜದ ಕತೆಯಂತೂ ಯಾವ ಕಾರ್ಟೂನಿಗೂ ಸೋಲುವಂಥದಲ್ಲ.

ಒಂದು ಸಂಜೆ ರಾಚೇನಹಳ್ಳಿ ಕೆರೆಯ ಏರಿಯ ಮೇಲೆ, ಸಮೀಪದಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡದ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳು ತನ್ನ ಮಗನೊಡನೆ ಕುಳಿತಿದ್ದುದನ್ನು ಕಂಡೆ. ನೀರಿನಲ್ಲಿ ಮುಳುಗಿ ಮುಳುಗಿ ಏಳುತ್ತಿದ್ದ ಪುಟ್ಟ ಗುಳುಮುಳುಕವನ್ನು ತೋರಿಸಿ ಹುಡುಗ, "ಯವ್ವಾ, ಅದೇನ್ ಹಕ್ಕಿಬೇ?" ಎಂದು ಕೇಳಿದ. "ನಮ್ಮೂರ ಹಳ್ಳದಾಗೂ ಇರ್ತಾವಪ್ಪಾ, ಹೆಸರು ಗೊತ್ತಿಲ್ಲ ನನಗ" ಎಂದಳು ತಾಯಿ. ಊರು ಯಾವುದೆಂದು ವಿಚಾರಿಸಿದೆ, ರಾಯಚೂರು ಕಡೆಯವರೆಂದಳು. ಯಲಹಂಕ, ಥಣಿಸಂದ್ರಗಳ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಬಾಳುವವರಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ ಜಿಲ್ಲೆಗಳವರು ಬಹುಸಂಖ್ಯೆಯಲ್ಲಿದ್ದಾರೆ. ಐವತ್ತು ವರ್ಷಗಳ ಹಿಂದೆ ತಂತಿಬಲೆಯ ಆಂಟೆನಾದ ಮುಂದೆ ಕುಳಿತು ಕನ್ನಡ ಪಾಠವನ್ನು ನೋಡಿದ ಸೀಮೆಯ ಮೊಮ್ಮಕ್ಕಳು ಇವರು. ವರ್ಷದಲ್ಲಿ ಎರಡು ಮೂರು ಸಲ ನೆಲೆ ಬದಲಾಯಿಸುವ ಈ ಮಕ್ಕಳಿಗೆ ಶಾಲೆ ತಪ್ಪುತ್ತದೆ, ಅಂಗನವಾಡಿ ತಪ್ಪುತ್ತದೆ. ತಪ್ಪದೆ ಜೊತೆಗೆ ಬರುವುದು ತಂದೆಯ ಮೊಬೈಲು ಒಂದೇ. ಕಾರ್ಯಕ್ರಮವೆಂದು ನಾನು ಹೇಳುವಾಗ ಮೊದಲಿಗೆ ಕಣ್ಣೆದುರಿಗೆ ಬರುವ ಪ್ರೇಕ್ಷಕ ಈ ಹುಡುಗ. ಅವನಿಗಾಗಿ ಮಾಡಿದುದು ಉಳಿದ ಎಲ್ಲರಿಗೂ ಸಲ್ಲುತ್ತದೆ. ಆದುದರಿಂದಲೇ ಅಲ್ಲಿ ಆಡುವ ಗೊಂಬೆಗಳಲ್ಲಿ ಒಂದಾದರೂ ರಾಯಚೂರಿನ ಕನ್ನಡವನ್ನಾಡಬೇಕು, ಇನ್ನೊಂದು ಕರಾವಳಿಯದನ್ನು, ಮತ್ತೊಂದು ಕೋಲಾರದ್ದನ್ನು.

ಕಿರಿಯ ಮಕ್ಕಳಿಗೆ ತೆರೆಯೇ ವಿಷವಲ್ಲವೆ ಎಂದು ಕೇಳುವವರ ಆತಂಕವು ನ್ಯಾಯವಾದುದು, ಅದನ್ನು ತಳ್ಳಿಹಾಕಲಾಗದು. ಎರಡು ವರ್ಷದೊಳಗಿನ ಶಿಶುವು ತೆರೆಯಿಂದ ಕಲಿಯುವುದು ಅತ್ಯಲ್ಪ; ಎದುರಿಗೆ ಕುಳಿತ ಅಜ್ಜಿಯ ಮುಖದಿಂದ ಕಲಿಯುವುದು ಅಪಾರ. ಎರಡು ವರ್ಷ ತುಂಬದ ಮಕ್ಕಳಿಗೆ ತೆರೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು, ಅದಕ್ಕೂ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದೆ. ಹಾಗಾದುದರಿಂದಲೇ ನಾನು ಇಪ್ಪತ್ತನಾಲ್ಕು ಗಂಟೆಯ ವಾಹಿನಿಯನ್ನು ಕೇಳುತ್ತಿಲ್ಲ. ಸೈಟ್ ಕಾಲದ ಇಪ್ಪತ್ತೆರಡೂವರೆ ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ; ಆರಂಭವೂ ಅಂತ್ಯವೂ ಉಳ್ಳದ್ದು, ಮುಗಿದೊಡನೆ ಮಗುವನ್ನು ಸ್ಲೇಟಿನ ಕಡೆಗೋ ಅಡಿಗೆಮನೆಯ ಕಡೆಗೋ ಕೆರೆಯ ಕಡೆಗೋ ಕಳುಹಿಸುವಂಥದು. ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತು, ಕಂಡುದನ್ನು ಕುರಿತು ಮಾತಾಡಿದರೆ ಮಗು ಕಲಿಯುವುದು ಹೆಚ್ಚೆಂಬುದು ಚೆನ್ನಾಗಿ ಪರೀಕ್ಷಿತವಾದ ಮಾತು. ತಾಯಿಗೂ ಹೊಸದೊಂದು ಹೆಸರನ್ನು ತಿಳಿಸಿಕೊಡುವ ಕಾರ್ಯಕ್ರಮವಾದರೆ ಆಕೆ ತಾನಾಗಿಯೇ ಕುಳಿತಾಳು. ಒಂದೇ ಕಂತನ್ನು ವಾರವೆಲ್ಲ ಮರಳಿ ಮರಳಿ ತೋರಿಸಿದರೂ ದೋಷವಿಲ್ಲ. ಅಮೆರಿಕದಲ್ಲಿ ೧೯೯೬ರಲ್ಲಿ ಆರಂಭವಾದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಕಾರ್ಯಕ್ರಮದವರು ಒಂದು ಕಂತನ್ನು ಐದು ದಿನ ಸತತವಾಗಿ ಪ್ರಸಾರಮಾಡಿ ನೋಡಿದರು. ಮಕ್ಕಳು ಬೇಸರಗೊಳ್ಳುವ ಬದಲು ದಿನದಿಂದ ದಿನಕ್ಕೆ ಹೆಚ್ಚು ಉತ್ಸಾಹದಿಂದ ಉತ್ತರ ಕೂಗತೊಡಗಿದರು. ಹೀಗಾಗಿ ವಾರಕ್ಕೆ ಒಂದರಂತೆ ವರ್ಷಕ್ಕೆ ೫೨ ಕಂತುಗಳಾದರೆ ಸಾಕು. ಅದು ಯಾವ ಸಾರ್ವಜನಿಕ ಸಂಸ್ಥೆಗೂ ಭಾರವಾದ ಹೊರೆಯಲ್ಲ.

ಕೆಲಸವನ್ನು ಆರಂಭಿಸಬೇಕಾದ ಕಾಲವನ್ನು ಮಾತ್ರ ನೆಲವೇ ಗೊತ್ತುಮಾಡುತ್ತದೆ. ರಾಗಿಯ ಕತೆಯನ್ನು ಪೂರ್ತಿಯಾಗಿ ಹಿಡಿಯಬೇಕಾದರೆ ಆಷಾಢದ ಬಿತ್ತನೆಗೇ ಕ್ಯಾಮರಾ ಜಿ.ಕೆ.ವಿ.ಕೆ.ಯ ಹೊಲದಲ್ಲಿ ನಿಂತಿರಬೇಕು, ಪೈರು ಮೊಳೆತು ತೆನೆ ಕಟ್ಟಿ ಕಣಕ್ಕೆ ಬರುವವರೆಗೂ ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಬೇಕು. ಮಳೆಗಾಲದಲ್ಲಿ ಕೆರೆಯಿಂದ ಕೆರೆಗೆ ಕೋಡಿ ಹರಿಯುವುದನ್ನು ಚಿತ್ರಿಸಬೇಕು. ನವೆಂಬರಿನಲ್ಲಿ ಜಿ.ಕೆ.ವಿ.ಕೆ.ಯಲ್ಲಿ ಕೃಷಿ ಮೇಳವಿರುವಾಗ ರಾಜ್ಯದ ನಾನಾ ಕಡೆಯ ರೈತರು ಇಲ್ಲಿಗೇ ಬರುತ್ತಾರೆ, ಅವರವರ ಮಾತಿನಲ್ಲಿ ಅವರವರ ಬೆಳೆಯ ಹೆಸರುಗಳನ್ನು ಹೇಳಿಸಬೇಕು. ಪುಷ್ಯಮಾಸದಲ್ಲಿ ಅವರೆಕಾಯಿ ಬಿಡಿಸಿ ಹಿದಕುವ ಮನೆಗಳಿಗೆ ಹೋಗಬೇಕು. ಚಳಿಗಾಲದ ಬೆಳಗುಗಳಲ್ಲಿ ಹಕ್ಕಿಗಳನ್ನು. ಅಕ್ಷರಗಳ ಚಿತ್ರಗಳನ್ನೂ ಗೊಂಬೆಯಾಟವನ್ನೂ ಮಳೆಯ ದಿನಗಳಲ್ಲಿ ಜಯಚಾಮರಾಜೇಂದ್ರ ನಗರದ ಸ್ಟುಡಿಯೋದೊಳಗೇ ಮಾಡಿಕೊಳ್ಳಬಹುದು. ಫಾಲ್ಗುಣದ ಹೊತ್ತಿಗೆ ಸಿದ್ಧವಾದ ಮೊದಲ ಹತ್ತು ಕಂತುಗಳನ್ನು ಯಲಹಂಕದ ಅಂಗನವಾಡಿಗಳಲ್ಲಿ, ಥಣಿಸಂದ್ರದ ಶೆಡ್ಡುಗಳಲ್ಲಿ, ಆರ್.ಟಿ. ನಗರದ ಉರ್ದು ಮನೆಮಾತಿನ ಮಕ್ಕಳ ನಡುವೆ ತೋರಿಸಿ, ಎಡ್ವರ್ಡ್ ಪಾಮರ್ ಕಲ್ಪಿಸಿದ ವಿಧಾನದಂತೆ ಕಣ್ಣು ಎಲ್ಲಿ ತಪ್ಪಿತೆಂದು ಬರೆದುಕೊಂಡು, ತಪ್ಪಿದ ಭಾಗಗಳನ್ನು ಹೊಸದಾಗಿ ಮಾಡುವುದಕ್ಕೆ ಬೇಸಿಗೆಯ ಎರಡು ತಿಂಗಳು ಕೈಯಲ್ಲಿರುತ್ತವೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ವಾರದಲ್ಲಿ ಮೊದಲ ಕಂತು ಚಂದನದಲ್ಲಿ ಪ್ರಸಾರವಾಗಬಹುದು.